ಅರಿಸಮಾಸವೂ ಹತ್ತಿಯ ಜಿನ್ನೂ

ಹೊರನಾಡಿನಲ್ಲಿ ಹುಟ್ಟಿದ ಯಂತ್ರವಿದ್ಯೆಯನ್ನು ಒಂದು ಕಂಪನಿಯು ತಂದು ತನ್ನದನ್ನಾಗಿ ಮಾಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆಯನ್ನು ಸಂಶೋಧನ ಪತ್ರಿಕೆಯೊಂದರಲ್ಲಿ ಎತ್ತಿದರೆ, ಅದು ವ್ಯಾಪಾರಶಾಸ್ತ್ರದವರ ವಿಷಯವಲ್ಲವೆ, ಸಾಹಿತ್ಯದ ಉಪಾಧ್ಯಾಯರಿಗೆ ಅದರಿಂದೇನು ಎಂದು ವಾಚಕರು ಕೇಳುವುದು ಸಹಜವಾಗಿದೆ. ಆದರೆ ಹೊರಗಿನದನ್ನು ಒಳಗುಮಾಡಿಕೊಳ್ಳುವ ಕ್ರಮವನ್ನು ಕುರಿತು ಕನ್ನಡದಲ್ಲಿ ನಡೆದಿರುವ ವಿಚಾರವು ಸಾವಿರ ವರ್ಷಗಳಿಗೂ ಹಿಂದಿನದು. ಅದನ್ನು ನಡೆಸಿದವರು ವೈಯಾಕರಣರೂ ಕವಿಗಳೂ ಆಗಿದ್ದರು. ಸಂಸ್ಕೃತದಿಂದ ಪದಗಳನ್ನು ತರುವಾಗ ಯಾವುದನ್ನು ಇದ್ದಂತೆಯೇ ಇಟ್ಟುಕೊಳ್ಳಬೇಕು, ಯಾವುದನ್ನು ಕನ್ನಡದ ನಾಲಿಗೆಗೆ ಒಗ್ಗಿಸಬೇಕು, ಯಾವುದರೊಡನೆ ಯಾವುದನ್ನು ಕೂಡಿಸಬಾರದು ಎಂಬ ವಿಷಯದಲ್ಲಿ ಅವರಾಡಿದ ಮಾತುಗಳು ಯಂತ್ರಗಳ ವಿಷಯದಲ್ಲಿಯೂ ಬೆಳಕನ್ನು ಕೊಡುವುವೆಂದು ನಮಗೆ ತೋರಿದೆ. ಈ ಅಭಿಪ್ರಾಯವನ್ನು ಧಾರವಾಡ ಸೀಮೆಯ ಹತ್ತಿಯ ಚರಿತ್ರೆಯ ಮೇಲಿಟ್ಟು ಒರೆದುನೋಡುವುದೇ ಈ ಲೇಖನದ ಉದ್ದೇಶ.

ಮೊದಲು ಪೂರ್ವಪಕ್ಷವನ್ನು ಹೇಳಬೇಕು. ಇತ್ತೀಚಿನ ವ್ಯಾಪಾರಶಾಸ್ತ್ರದಲ್ಲಿ ಈ ವಿಷಯಕ್ಕೆ ಮೂಲವೆಂಬಂತೆ ಎಣಿಸಲ್ಪಡುವುದು ವೆಸ್ಲಿ ಕೋಹೆನ್ ಮತ್ತು ಡೇನಿಯಲ್ ಲೆವಿಂಥಾಲ್ ಎಂಬ ಅಮೆರಿಕದ ಪಂಡಿತರಿಬ್ಬರು 1990ರಲ್ಲಿ ಪ್ರಕಟಿಸಿದ ಲೇಖನ. ಹೊರಗಿನ ಹೊಸ ಅರಿವಿನ ಬೆಲೆಯನ್ನು ಗುರುತಿಸುವುದು, ಅದನ್ನು ಒಳಕ್ಕೆ ತೆಗೆದುಕೊಳ್ಳುವುದು, ವ್ಯಾಪಾರದಲ್ಲಿ ಬಳಸುವುದು, ಈ ಮೂರೂ ಸೇರಿದ ಸಾಮರ್ಥ್ಯಕ್ಕೆ ಅವರಿಟ್ಟ ಹೆಸರನ್ನು ‘ಗ್ರಹಣಶಕ್ತಿ’ ಎಂದು ಕನ್ನಡಿಸಬಹುದು. (ಗ್ರಹಣವೆಂದೊಡನೆ ರಾಹುಕೇತುಗಳು ನೆನಪಿಗೆ ಬರುವುದು ಈ ಅನುವಾದದ ದೋಷ, ಮುಂದಿನ ಕಥೆಯನ್ನು ಓದಿದವರಿಗೆ ಅದು ಗುಣವಾಗಿಯೂ ತೋರೀತು.) ಈ ಶಕ್ತಿಯು ಬಹುಮಟ್ಟಿಗೆ ಕಂಪನಿಗೆ ಆ ವಿಷಯದಲ್ಲಿ ಮೊದಲೇ ಇರುವ ಅರಿವನ್ನು ಅವಲಂಬಿಸಿದೆಯೆಂದೂ, ತಾನೇ ಶೋಧನೆ ನಡೆಸುವ ಕಂಪನಿಯು ಪರರ ಶೋಧನೆಯನ್ನು ಬೇಗನೆ ಗ್ರಹಿಸುವುದೆಂದೂ ಅವರ ಸಿದ್ಧಾಂತ. 2002ರಲ್ಲಿ ಝಾಹ್ರಾ ಮತ್ತು ಜಾರ್ಜ್ ಎಂಬವರು ಇದನ್ನೇ ಇನ್ನಷ್ಟು ಸೀಳಿ, ಗ್ರಹಿಸಬಲ್ಲ ಶಕ್ತಿ ಬೇರೆ, ಗ್ರಹಿಸಿದ್ದನ್ನು ಫಲಕ್ಕೆ ತಂದ ಶಕ್ತಿ ಬೇರೆ ಎಂದರು. ಸಿದ್ಧಾಂತವು ಬೆಲೆಯುಳ್ಳದ್ದೆಂಬುದರಲ್ಲಿ ಸಂದೇಹವಿಲ್ಲ. ನಮಗೆ ಒಪ್ಪಿಗೆಯಾಗದ ಅಂಶವೊಂದೇ: ಆ ಶಕ್ತಿಯ ಮನೆಯನ್ನು ಕಂಪನಿಯ ಗೋಡೆಗಳೊಳಗೆ ಕಟ್ಟಿರುವುದು. ಹೊರಗಿನವರೊಡನೆ ಸಂಪರ್ಕವಿರಬೇಕೆಂದು ಅವರೂ ಹೇಳುವರು; ಆದರೆ ಮುರಿದ ಯಂತ್ರವನ್ನು ಕಟ್ಟಿಕೊಡುವ ಹಳ್ಳಿಯ ಕಮ್ಮಾರನಿಗೆ ಆ ಸಿದ್ಧಾಂತದಲ್ಲಿ ಹೆಚ್ಚಿನ ಸ್ಥಳವಿದ್ದಂತೆ ಕಾಣೆವು.

ಇನ್ನು ನಮ್ಮವರ ಮಾತು. ಕೇಶಿರಾಜನು ಸುಮಾರು ಕ್ರಿ. ಶ. 1260ರಲ್ಲಿ ರಚಿಸಿದ ಶಬ್ದಮಣಿದರ್ಪಣದಲ್ಲಿ ಅಪಭ್ರಂಶಪ್ರಕರಣವೆಂಬ ಭಾಗವೊಂದಿದೆ. ಸಂಸ್ಕೃತದ ಪದಗಳು ಕನ್ನಡಕ್ಕೆ ಬರುವಾಗ ಯಾವ ಅಕ್ಷರ ಯಾವುದಾಗುವುದೆಂಬುದನ್ನು ಅಲ್ಲಿ ಅವನು ವಿಧಿಸುತ್ತಾನೆ. ಇದ್ದಂತೆಯೇ ಬಂದುದು ತತ್ಸಮ, ಕನ್ನಡದ ಅಚ್ಚಿಗೆ ಬಿದ್ದು ಬಂದುದು ತದ್ಭವ, ಇಲ್ಲಿಯೇ ಹುಟ್ಟಿದ್ದು ದೇಶ್ಯ ಎಂಬ ವಿಭಾಗವು ಶಾಲೆಯ ಮಕ್ಕಳಿಗೂ ತಿಳಿದಿರುವುದೇ. ಇದಕ್ಕಿಂತ ನಮ್ಮ ಪ್ರಕೃತಕ್ಕೆ ಹೆಚ್ಚು ಬೇಕಾದುದು ಅರಿಸಮಾಸದ ವಿಚಾರ. ಸಂಸ್ಕೃತಪದವನ್ನು ಅದರ ರೂಪದಲ್ಲಿಯೇ ಇಟ್ಟು ಕನ್ನಡಪದದೊಡನೆ ಸಮಾಸಮಾಡಿದರೆ ಆ ಎರಡೂ ಒಂದಕ್ಕೊಂದು ಶತ್ರುಗಳಂತೆ ನಿಲ್ಲುವುವೆಂದು ಈ ಹೆಸರು. ಬಿರುದುಗಳಲ್ಲಿ, ಹಳೆಯ ಕವಿಗಳು ಬಳಸಿ ರೂಢಿಯಾದ ಕಡೆಗಳಲ್ಲಿ ಅದು ಸಲ್ಲುತ್ತದೆ. ಆದರೆ ಅದೇ ಪದವು ತದ್ಭವವಾದ ಮೇಲೆ ಕನ್ನಡದೊಡನೆ ಕೂಡಲು ಯಾವ ಅಡ್ಡಿಯೂ ಇಲ್ಲ. ಕೇಶಿರಾಜನಿಗಿಂತ ನೂರೈವತ್ತು ವರ್ಷ ಮುಂಚೆ, 1112ರಲ್ಲಿ, ನಮ್ಮ ಸೀಮೆಯ ಮುಳಗುಂದದಲ್ಲಿದ್ದ ನಯಸೇನನು ಧರ್ಮಾಮೃತದಲ್ಲಿ ತುಪ್ಪವನ್ನೂ ಎಣ್ಣೆಯನ್ನೂ ಬೆರಸುವರೆ ಎಂಬ ಅಭಿಪ್ರಾಯದ ಮಾತನ್ನಾಡಿದ್ದು ಇದೇ ದೋಷವನ್ನು ಕುರಿತು. ಅವನ ಕಾವ್ಯದಲ್ಲಿಯೇ ಸಂಸ್ಕೃತವು ಸಾಕಷ್ಟಿದೆಯೆಂದು ವಿಮರ್ಶಕರು ಬಹುಕಾಲದಿಂದ ನಗುತ್ತ ಬಂದಿದ್ದಾರೆ. ಆ ನಗೆಯಿಂದ ಅವನು ಕಂಡ ತತ್ವಕ್ಕೇನೂ ಕೊರತೆಯಿಲ್ಲ.

ಈ ಎರಡು ಮಾತುಗಳನ್ನು ಕೈಯಲ್ಲಿ ಹಿಡಿದುಕೊಂಡು ಹೊಲಕ್ಕೆ ಇಳಿಯೋಣ. ಹುಬ್ಬಳ್ಳಿಗೆ ಸಮೀಪದ ಕಲಘಟಗಿ ತಾಲೂಕಿನಲ್ಲಿ ಮಿಶ್ರಿಕೋಟಿಯೆಂಬ ಊರಿದೆ. ಹೆಸರಿನಲ್ಲಿ ‘ಮಿಶ್ರ’ವೆಂಬುದು ಎದ್ದು ಕಾಣುವುದರಿಂದ ಅದಕ್ಕೊಂದು ವ್ಯುತ್ಪತ್ತಿಯನ್ನು ಹೊಸೆಯಬೇಕೆಂಬ ಚಪಲವು ನಮಗೂ ಹುಟ್ಟಿತ್ತು, ಆಧಾರವಿಲ್ಲದ ಕಾರಣ ಅದನ್ನು ಅಲ್ಲಿಯೇ ಬಿಟ್ಟಿದ್ದೇವೆ. ಪೂರ್ವದ ಎರೆಭೂಮಿಯು ಮುಗಿದು ಮಲೆನಾಡಿನ ಸೆರಗು ತೊಡಗುವ ಸೀಮೆಯಿದು. ಈ ಊರಿನ ಕೊಟ್ಟಿಗೆಯೊಂದರಲ್ಲಿ ಕಂಡ ಒಂದು ಹಳೆಯ ವಸ್ತುವೇ ನಮ್ಮನ್ನು ಈ ವಿಚಾರಕ್ಕೆ ಹೊರಡಿಸಿತು. ಅದನ್ನು ಅದರ ಸ್ಥಳದಲ್ಲಿ ಹೇಳುವೆವು. ಅದಕ್ಕೆ ಮುಂಚೆ ಹತ್ತಿಯ ಕಥೆಯಾಗಬೇಕು.

ಧಾರವಾಡ ಸೀಮೆಯ ಸ್ವಂತ ಹತ್ತಿಯನ್ನು ಇಲ್ಲಿಯ ಒಕ್ಕಲಿಗರು ಜವಾರಿ ಹತ್ತಿಯೆನ್ನುವರು. ಎತ್ತಿನ ಮೇಲೆ ಘಟ್ಟವಿಳಿದು ಕುಮಟೆಯ ಬಂದರದಿಂದ ಹಡಗು ಹತ್ತುತ್ತಿದ್ದ ಕಾರಣ ಮುಂಬಯಿಯ ಪೇಟೆಯಲ್ಲಿ ಅದಕ್ಕೆ ಕುಮಟಾ ಎಂದು ಹೆಸರು. ಹತ್ತಿಯು ಬೆಳೆಯದ ಊರಿನ ಹೆಸರು ಹತ್ತಿಗೆ ಅಂಟಿಕೊಂಡದ್ದು ವ್ಯಾಪಾರದ ವಿನೋದಗಳಲ್ಲೊಂದು. ಇದರ ಕಾಳನ್ನು ತೆಗೆಯುವ ಸಾಧನವು ಚಪ್ಪಟೆಯ ಕಲ್ಲು ಮತ್ತು ಕಬ್ಬಿಣದ ಸಲಾಕೆ. ಹೆಂಗಸು ಕಲ್ಲಿನ ಮುಂದೆ ಕುಳಿತು ಸಲಾಕೆಯನ್ನು ಪಾದಗಳಿಂದ ಉರುಳಿಸುತ್ತ ಕೈಯಿಂದ ಹತ್ತಿಯನ್ನು ಒಡ್ಡುವಳು; ಅರಳೆ ಒಂದು ಕಡೆಗೆ ಸರಿಯುವುದು, ಕಾಳು ಇಡಿಯಾಗಿ ಇನ್ನೊಂದು ಕಡೆಗೆ ಉಳಿಯುವುದು. ಕೆಲಸ ನಿಧಾನವಾದರೂ ಎಳೆ ತುಂಡಾಗದು, ಕಾಳು ಒಡೆಯದು. ಹತ್ತಿಕಾಳು ಎತ್ತು ಎಮ್ಮೆಗಳ ಮೇವು, ಮುಂದಿನ ವರ್ಷದ ಬಿತ್ತನೆಯೂ ಅದೇ. ಆದುದರಿಂದ ಕಾಳು ಇಡಿಯಾಗಿರುವುದು ಒಕ್ಕಲಿಗನಿಗೆ ಅರಳೆಯಷ್ಟೇ ಮುಖ್ಯವಾಗಿತ್ತು.

ಈ ಸೀಮೆಗೆ ಅಮೆರಿಕದ ಹತ್ತಿಯನ್ನೂ ಅದರ ಯಂತ್ರವನ್ನೂ ತಂದುದು ಒಂದು ಕಂಪನಿಯೇ. ಆಗಿನ ಜನರ ಬಾಯಲ್ಲಿ ಕಂಪನಿಯೆಂದರೆ ಒಂದೇ, ಈಸ್ಟ್ ಇಂಡಿಯಾ ಕಂಪನಿ. ಮ್ಯಾಂಚೆಸ್ಟರಿನ ಗಿರಣಿಗಳಿಗೆ ಅಮೆರಿಕವನ್ನು ಬಿಟ್ಟು ಬೇರೆ ಹತ್ತಿಯ ನೆಲೆಯು ಬೇಕೆಂಬ ಒತ್ತಾಯದ ಮೇಲೆ ಕಂಪನಿಯು ಕ್ಯಾಪ್ಟನ್ ಬೇಲ್ಸ್ ಎಂಬವನ ಮೂಲಕ ಅಮೆರಿಕದಿಂದ ಹತ್ತು ಜನ ಹತ್ತಿ ಬೆಳೆಗಾರರನ್ನು ಗೊತ್ತುಮಾಡಿಕೊಂಡು, 1840ರಲ್ಲಿ ಬೀಜ ಯಂತ್ರಗಳೊಡನೆ ಹಿಂದುಸ್ಥಾನಕ್ಕೆ ಕರೆಯಿಸಿತು. ಆ ದಶಕದಲ್ಲಿ ಮರ್ಸರನೆಂಬ ಬೆಳೆಗಾರನು ಹುಬ್ಬಳ್ಳಿಯ ಬಳಿಯ ಕುಸುಗಲ್ಲಿನಲ್ಲಿ ಪ್ರಯೋಗದ ಹೊಲವನ್ನು ನಡೆಸಿದನು. ಕಲೆಕ್ಟರನಾಗಿದ್ದ ಷಾ ಎಂಬವನು ಅದಕ್ಕೆ ಬೆಂಬಲವಾಗಿ ನಿಂತನು. ದೇಶದಲ್ಲಿ ಅಲ್ಲಲ್ಲಿ ನಡೆದ ಇಂತಹ ಪ್ರಯೋಗಗಳಲ್ಲಿ ಹೆಚ್ಚಿನವು ಬಿದ್ದುಹೋದುವು. ನ್ಯೂ ಆರ್ಲಿಯನ್ಸ್ ಹತ್ತಿಯು ವ್ಯಾಪಾರದ ಬೆಳೆಯಾಗಿ ಬೇರೂರಿದ್ದು ಧಾರವಾಡ ಸೀಮೆಯಲ್ಲಿ. ಇದಕ್ಕೆ ಮೊದಲ ಕಾರಣ ಇಲ್ಲಿಯ ಹವೆಯೆಂಬುದನ್ನು ಮರೆಯದೆ ಹೇಳಬೇಕು. ಮುಂಗಾರು ಹಿಂಗಾರುಗಳೆರಡೂ ತಕ್ಕಮಟ್ಟಿಗೆ ಬೀಳುವ ಈ ನೆಲವು ಆ ಗಿಡಕ್ಕೆ ಹಿಡಿಸಿತು. ಒಕ್ಕಲಿಗರು ಅದನ್ನು ವಿಲಾಯತಿ ಹತ್ತಿಯೆಂದು ಕರೆದರು.

ಅದರೊಡನೆ ಬಂದ ಯಂತ್ರವು ಎಲಿ ವ್ಹಿಟ್ನಿಯು 1794ರಲ್ಲಿ ಅಮೆರಿಕದಲ್ಲಿ ಹಕ್ಕುಪತ್ರ ಪಡೆದ ಜಿನ್ನಿನಿಂದ ಬೆಳೆದು ಬಂದ ಗರಗಸದ ಜಿನ್ನು. ಅಮೆರಿಕದ ಹತ್ತಿಯ ಎಳೆಯು ಕಾಳಿಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದ ಕಾಲಿನ ಸಲಾಕೆಗೆ ಅದು ಬಗ್ಗುವುದಿಲ್ಲ; ದುಂಡಗಿನ ಗರಗಸಗಳ ಹಲ್ಲುಗಳು ಕಬ್ಬಿಣದ ಕಂಬಿಗಳ ಸಂದಿನಿಂದ ಎಳೆಯನ್ನು ಹರಿದೆಳೆದು ಕಾಳನ್ನು ಹಿಂದಕ್ಕೆ ಬಿಡಬೇಕು. ಹೀಗೆ ಈ ಬೀಜಕ್ಕೆ ಈ ಯಂತ್ರವೆಂಬ ಜೋಡಿಯು ಅಲ್ಲಿಂದಲೇ ಕೂಡಿ ಬಂದಿತ್ತು. ವ್ಯಾಕರಣದ ಮಾತಿನಲ್ಲಿ ಇದು ಸಂಸ್ಕೃತದೊಡನೆ ಸಂಸ್ಕೃತವು ಕೂಡಿದ ನಿರ್ದೋಷವಾದ ಸಮಾಸ. ಇಷ್ಟಾಗಿಯೂ ಅದು ಧಾರವಾಡದಲ್ಲಿ ಬಾಳಿದ್ದಕ್ಕೆ ಇನ್ನೊಂದು ಕಾರಣವುಂಟು. ಸರಕಾರದವರು ಧಾರವಾಡದಲ್ಲಿಯೇ ಜಿನ್ನುಗಳನ್ನು ಕಟ್ಟುವ, ದುರಸ್ತಿಮಾಡುವ ಕಾರಖಾನೆಯೊಂದನ್ನು ತೆರೆದರು. ಡಾಕ್ಟರ್ ಫೋರ್ಬ್ಸ್ ಎಂಬವನು ಅದರ ಮೇಲ್ವಿಚಾರಕನಾಗಿದ್ದನು. ಗರಗಸದ ಹಲ್ಲು ಮೊಂಡಾಗುವುದು, ಕಂಬಿ ಸವೆಯುವುದು, ಧೂಳಿನಲ್ಲಿ ಅಚ್ಚು ಬಿಗಿಯುವುದು ಇವೆಲ್ಲ ಪ್ರತಿ ಸುಗ್ಗಿಯ ಮಾತು. ಹಲ್ಲು ಮೊಂಡಾದ ದಿನ ಅದನ್ನು ಹರಿತಮಾಡುವ ಕೈ ಎತ್ತಿನ ಬಂಡಿಯ ದಾರಿಯಲ್ಲಿ ಸಿಕ್ಕಿದರೆ ಯಂತ್ರವು ಬದುಕುತ್ತದೆ. ಇಂಗ್ಲೆಂಡಿನಿಂದ ಬರಬೇಕಾದರೆ ಅದು ಕಣಜದ ಮೂಲೆಗೆ ಸೇರುತ್ತದೆ. ಮಿಸಿಸಿಪ್ಪಿಯ ಬೆಳೆಗಾರರ ಅರಿವಾಗಲಿ ಕಂಪನಿಯ ಸಸ್ಯಶಾಸ್ತ್ರಜ್ಞರ ಪಾಂಡಿತ್ಯವಾಗಲಿ ಈ ಕೆಲಸವನ್ನು ಮಾಡಲಾರದು.

ಇಲ್ಲಿಗೆ ನಿಂತಿದ್ದರೆ ಕಥೆಯು ಸುಖಾಂತವಾಗುತ್ತಿತ್ತು. ಆದರೆ ಅದೇ ಜಿನ್ನಿಗೆ ಜವಾರಿ ಹತ್ತಿಯನ್ನೂ ಹಾಕತೊಡಗಿದರು. ಕಂಬಿಗಳ ಸಂದು ಅಮೆರಿಕದ ಕಾಳಿಗೆ ಅಳತೆಮಾಡಿದ್ದು; ಜವಾರಿಯ ಕಾಳು ಸಣ್ಣದು. ಅದು ಸಂದಿನಲ್ಲಿ ನುಸುಳಿ ಅರಳೆಯೊಡನೆ ಸೇರುತ್ತಿತ್ತು, ಇಲ್ಲವೆ ಹಲ್ಲಿಗೆ ಸಿಕ್ಕಿ ಒಡೆಯುತ್ತಿತ್ತು, ಎಳೆಯಂತೂ ತುಂಡಾಗುತ್ತಿತ್ತು. ಅರಿಸಮಾಸವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ಪುಸ್ತಕಗಳಲ್ಲಿ ಸಿಕ್ಕದು. ಇದ್ದಂತೆಯೇ ಬಂದ ಯಂತ್ರ, ಇಲ್ಲಿಯೇ ಹುಟ್ಟಿದ ಹತ್ತಿ. ಎರಡೂ ತಮ್ಮತಮ್ಮಲ್ಲಿ ಒಳ್ಳೆಯವು, ಕೂಡಿದಲ್ಲಿ ಶತ್ರುಗಳು. 1861ರಿಂದ 1865ರ ವರೆಗೆ ಅಮೆರಿಕದ ಅಂತರ್ಯುದ್ಧವು ನಡೆದು ಹತ್ತಿಯ ಬೆಲೆಯು ಮುಗಿಲಿಗೇರಿದಾಗ ಈ ದೋಷವು ಮಿತಿಮೀರಿತು. ಎರಡು ಹತ್ತಿಗಳನ್ನು ಬೆರಸಿ ಮಾರುವ ವ್ಯಾಪಾರವು ಬೆಳೆಯಿತು. 1863ರಲ್ಲಿ ಮುಂಬಯಿ ಸರಕಾರವು ಹತ್ತಿಯ ಮೋಸವನ್ನು ತಡೆಯುವುದಕ್ಕೆಂದು ಕಾಯಿದೆಯನ್ನು ಮಾಡಬೇಕಾಯಿತು.

ವಿಮರ್ಶಕನ ಕೆಲಸವು ಇಲ್ಲಿಂದ ತೊಡಗುತ್ತದೆ. ಈ ಕಾಲದ ಬರಹಗಳು ನಮಗೆ ಉಳಿದಿವೆ. ಫೋರ್ಬ್ಸ್ ರಾಯ್ಲ್ ಎಂಬವನು 1851ರಲ್ಲಿ ಬರೆದ ಗ್ರ೦ಥ, ಕ್ಯಾಸೆಲ್ಸನು 1862ರಲ್ಲಿ ಮುಂಬಯಿ ಇಲಾಖೆಯ ಹತ್ತಿಯನ್ನು ಕುರಿತು ಬರೆದ ಗ್ರಂಥ, 1884ರ ಧಾರವಾಡದ ಗ್ಯಾಝೆಟಿಯರು, ಇವು ಅವುಗಳಲ್ಲಿ ಮುಖ್ಯವಾದವು. ಯಂತ್ರದ ವಿವರ, ಬೆಳೆಯ ಲೆಕ್ಕ, ಪೇಟೆಯ ಧಾರಣೆ ಇವುಗಳ ವಿಷಯದಲ್ಲಿ ಇಂತಹ ಗ್ರಂಥಗಳಿಗೆ ನಾವು ಋಣಿಗಳೇ ಸರಿ. ಆದರೆ ಆ ಕಾಲದ ಅಧಿಕಾರಿಗಳ ಬರವಣಿಗೆಯಲ್ಲಿ ಸಾಮಾನ್ಯವಾಗಿ ಕಾಣುವ ಧಾಟಿಯೊಂದುಂಟು. ಯಂತ್ರವು ಕೆಟ್ಟರೆ ಒಕ್ಕಲಿಗನ ಜಡತ್ವ. ಹತ್ತಿಯು ಬೆರೆತರೆ ವ್ಯಾಪಾರಿಯ ಮೋಸ. ಮೋಸವು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಹತ್ತಿಯ ಅಡತಿ ಅಂಗಡಿಗಳನ್ನು ಬಲ್ಲವರಾರೂ ಹಾಗೆ ಹೇಳಲಾರರು. ಆದರೆ ಕಲ್ಲು ಸಲಾಕೆಗಳಿಂದ ಬಿಡಿಸಿದಾಗ ಬೇರೆಬೇರೆಯಾಗಿ ಕಾಣುತ್ತಿದ್ದ ಎರಡು ಅರಳೆಗಳು, ಗರಗಸದಿಂದ ತುಂಡಾಗಿ ಬಂದಾಗ ಒಂದೇ ತೆರನಾಗಿ ಕಾಣುವುದು ಸುಲಭ. ಮೋಸಕ್ಕೆ ಮುಸುಕನ್ನು ಹೊದಿಸಿದ್ದು ಯಂತ್ರವೇ ಎಂಬ ಈ ನಮ್ಮ ಊಹೆಯು ನಿಜವಾದರೆ, ಕಾಯಿದೆಯು ಕೈಯನ್ನು ಹಿಡಿದು ಹಲ್ಲನ್ನು ಬಿಟ್ಟಿತೆನ್ನಬೇಕು. ಇನ್ನು ಜಡತ್ವದ ಮಾತು. ತನ್ನ ಕಾಳನ್ನು ಒಡೆಯುವ, ಎಳೆಯನ್ನು ಕತ್ತರಿಸುವ ಯಂತ್ರವನ್ನು ಬೇಡವೆಂದು ಕಲ್ಲಿನ ಮುಂದೆಯೇ ಕುಳಿತ ಹೆಂಗಸು ಜಡಳೋ ಜಾಣೆಯೋ? ಅರಿಸಮಾಸವನ್ನು ಬಿಟ್ಟ ಕವಿಯನ್ನು ಯಾರೂ ಜಡನೆಂದದ್ದಿಲ್ಲ.

ಮುಂದಿನ ಚರಿತ್ರೆಯು ಈ ಮಾತಿಗೆ ಬೆಂಬಲವಾಗಿದೆ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲುಮಾರ್ಗವು ಈ ಸೀಮೆಗೆ ಬಂದು ಹುಬ್ಬಳ್ಳಿ ಗದಗುಗಳು ಹತ್ತಿಯ ದೊಡ್ಡ ಪೇಟೆಗಳಾಗಿ, ಹಬೆಯ ಯಂತ್ರದಿಂದ ನಡೆಯುವ ಜಿನ್ನು ಪ್ರೆಸ್ಸುಗಳು ಎದ್ದುವು. ಆದರೆ ಒಟ್ಟು ಹಿಂದುಸ್ಥಾನವನ್ನು ನೋಡಿದರೆ ಇಲ್ಲಿ ಗೆದ್ದುದು ಗರಗಸವಲ್ಲ, ಮ್ಯಾಕಾರ್ಥಿಯ ಉರುಳೆ ಜಿನ್ನು. ಅದೂ ಅಮೆರಿಕದವನ ಕಲ್ಪನೆಯೇ, 1840ರದು. ಚರ್ಮ ಹೊದಿಸಿದ ಉರುಳೆಯು ಎಳೆಯನ್ನು ಹಿಡಿದೆಳೆಯುವುದು, ಅಲಗು ಕಾಳನ್ನು ತಡೆದು ಉದುರಿಸುವುದು. ಎಳೆ ತುಂಡಾಗುವುದು ಕಡಮೆ. ಇಂದಿಗೂ ನಮ್ಮ ದೇಶದ ಜಿನ್ನಿಂಗ್ ಕಾರಖಾನೆಗಳಲ್ಲಿ ಹೆಚ್ಚಿನವು ಎರಡು ಉರುಳೆಯ ಜಿನ್ನುಗಳಿಂದಲೇ ನಡೆಯುತ್ತಿವೆ, ಆ ಜಿನ್ನುಗಳು ಇಲ್ಲಿಯೇ ತಯಾರಾಗುತ್ತಿವೆ. ಉರುಳಿಸಿ ಬಿಡಿಸುವುದೆಂಬ ತತ್ವವು ಇಲ್ಲಿಯ ಚರಕಕ್ಕೂ ಕಲ್ಲು ಸಲಾಕೆಗಳಿಗೂ ಸಹಜವಾದದ್ದು. ಹೊರಗಿನ ಪದವು ಒಳಗಿನ ಧಾತುವಿಗೆ ಹತ್ತಿರವಾಗಿದ್ದಾಗ ಬೇಗ ರೂಢಿಗೆ ಬರುವುದೆಂಬುದನ್ನು ಭಾಷಾಶಾಸ್ತ್ರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೋಹೆನ್ ಲೆವಿಂಥಾಲರು ‘ಮೊದಲೇ ಇರುವ ಅರಿವು’ ಎಂದದ್ದು ಇದೇ ಅಲ್ಲವೆ ಎಂದು ಕೇಳಿದರೆ, ಅಹುದು, ಇದೇ. ಆದರೆ ಆ ಅರಿವು ಕಾರಖಾನೆಯ ಒಡೆಯನಲ್ಲಿ ಇರಲಿಲ್ಲ. ಸಲಾಕೆಯನ್ನು ಉರುಳಿಸುತ್ತಿದ್ದ ಪಾದಗಳಲ್ಲಿತ್ತು, ಅರಳೆಯನ್ನು ಬೆರಳಿನಿಂದ ಎಳೆದು ನೋಡಿ ಬೆಲೆ ಕಟ್ಟುವ ದಲಾಲನಲ್ಲಿತ್ತು.

ಶಬ್ದದ ವಿಷಯದಲ್ಲಿಯೂ ಒಂದು ಮಾತು. ‘ಜಿನ್’ ಎಂಬುದು ‘ಎಂಜಿನ್’ ಎಂಬುದರ ಸವೆದ ರೂಪ. ಅದರ ಮೂಲದಲ್ಲಿರುವ ಲ್ಯಾಟಿನ್ ಪದಕ್ಕೆ ಹುಟ್ಟುಬುದ್ಧಿ, ಪ್ರತಿಭೆ ಎಂದರ್ಥ. ಆ ಪದವು ಇಂಗ್ಲಿಷಿನಲ್ಲಿಯೇ ಅಪಭ್ರಂಶವಾಗಿ, ಧಾರವಾಡಕ್ಕೆ ಬಂದಾಗ ಉಕಾರವನ್ನು ತೊಟ್ಟು ‘ಜಿನ್ನು’ ಆಯಿತು. ಪದವು ತದ್ಭವವಾದುದು ಬೇಗ, ಯಂತ್ರವು ಆದುದು ತಡವಾಗಿ.

ಇನ್ನೊಂದು ಕಂಪನಿಯನ್ನು ಇದರ ಮಗ್ಗುಲಲ್ಲಿ ಇಡೋಣ. ಲಕ್ಷ್ಮಣರಾವ ಕಿರ್ಲೋಸ್ಕರರು 1869ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಚಿತ್ರಕಲೆಯನ್ನು ಕಲಿತು, ಅಲ್ಲಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. 1888ರಲ್ಲಿ ಬೆಳಗಾವಿಯಲ್ಲಿ ತೊಡಗಿದ ಸೈಕಲ್ ಅಂಗಡಿಯಿಂದ ಅವರ ಮನೆತನದ ಉದ್ಯೋಗವು ಬೆಳೆಯಿತು. ಅಲ್ಲಿ ಮೊದಲು ತಯಾರಾದುದು ಜೋಳದ ಕಣಿಕೆಯನ್ನು ಕತ್ತರಿಸುವ ಯಂತ್ರ. ಆಮೇಲೆ ಕಬ್ಬಿಣದ ರಂಟೆ. ಕಬ್ಬಿಣದ ರಂಟೆಯು ಅವರ ಕಲ್ಪನೆಯೇನೂ ಅಲ್ಲ. ಪರದೇಶದ ರಂಟೆಗಳು ಆಗಲೇ ಪೇಟೆಯಲ್ಲಿದ್ದುವು. ಅವುಗಳನ್ನು ನೋಡಿ ತಾವೇ ಎರಕ ಹೊಯ್ದು ಕಟ್ಟಿದ್ದು ಅವರ ಸಾಹಸ. ಕಬ್ಬಿಣವು ಭೂಮಿಗೆ ವಿಷವಾಗುವುದೆಂದು ಒಕ್ಕಲಿಗರು ಹೆದರಿದರೆಂದೂ, ಮೊದಲ ರಂಟೆಗಳು ಮಾರಾಟವಾಗಲು ಎರಡು ವರ್ಷಗಳು ಹಿಡಿದುವೆಂದೂ ಹೇಳುವರು. 1910ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿಯು ಹುಟ್ಟಿತು. ಮುಂದೆ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರವೆಂಬ ಕಾರಖಾನೆಯಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಮಹಾಪುರುಷನೊಬ್ಬನ ಛಲದ ಕಥೆಯಾಗಿ ಹೇಳುವ ವಾಡಿಕೆ. ಛಲವೇನೋ ಇತ್ತು. ಆದರೆ ಆ ಎರಡು ವರ್ಷಗಳನ್ನು ಮೌಢ್ಯದ ಅವಧಿಯೆಂದು ಓದುವುದು ಜಿನ್ನಿನ ವಿಷಯದಲ್ಲಿ ಅಧಿಕಾರಿಗಳು ಮಾಡಿದ ತಪ್ಪನ್ನೇ ಮಾಡಿದಂತೆ. ಮರದ ರಂಟೆಯು ಮುರಿದರೆ ಊರ ಬಡಿಗನು ಸಂಜೆಯೊಳಗೆ ಸರಿಮಾಡಿಕೊಡುವನು, ಅವನಿಗೆ ಸುಗ್ಗಿಯಲ್ಲಿ ಆಯ ಸಲ್ಲುವುದು. ಎರಕದ ಕಬ್ಬಿಣವಾದರೋ ಬಗ್ಗದು, ಒಡೆಯುವುದು. ಒಡೆದದ್ದನ್ನು ಊರ ಕಮ್ಮಾರನು ಬೆಸೆಯಲಾರ. ಹದ ತಪ್ಪಿದರೆ ಬಿತ್ತನೆ ತಪ್ಪಿತು. ವಿಷವೆಂಬ ಮಾತಿನ ಹಿಂದೆ ಈ ಲೆಕ್ಕವಿದ್ದಿರಬೇಕೆಂದು ನಮಗೆ ತೋರುತ್ತದೆ. ಸಮೀಪದಲ್ಲಿಯೇ ಎರಕ ಹೊಯ್ಯುವವನಿದ್ದು ಸವೆದ ಬಿಡಿಭಾಗವು ಸಿಕ್ಕುವುದೆಂಬ ನಂಬಿಕೆ ಬಂದ ಮೇಲೆ, ಕರಿಕೆ ಹಬ್ಬಿ ಹಾಳಾದ ಎರೆಹೊಲವನ್ನು ಆಳವಾಗಿ ಮಗುಚಬಲ್ಲ ಈ ರಂಟೆಯನ್ನು ಒಕ್ಕಲಿಗನೇ ಕೇಳಿಕೊಂಡು ಬಂದನು. ಎಲ್ಲ ವಿದ್ಯೆಯೂ ಇದ್ದ ಕಂಪನಿಯ ಯಂತ್ರವು ತತ್ಸಮವಾಗಿಯೇ ನಿಂತಿತು. ಚಿತ್ರಕಲೆಯ ವಿದ್ಯಾರ್ಥಿಯ ಕಂಪನಿಯು ಪರದೇಶದ ರಂಟೆಯನ್ನು ತದ್ಭವಮಾಡಿತು. ಮೊದಲಿನ ಅರಿವೇ ಎಲ್ಲವೂ ಎಂಬ ಸಿದ್ಧಾಂತಕ್ಕೆ ಈ ಎರಡನ್ನೂ ಒಟ್ಟಿಗೆ ವಿವರಿಸುವುದು ಕಷ್ಟ.

ಆ ಸಿದ್ಧಾಂತವು ಸರಿಯಾಗಿ ಹೊಂದುವ ನಿದರ್ಶನವೂ ನಮ್ಮಲ್ಲಿಯೇ ಇದೆಯೆಂಬುದನ್ನು ಮುಚ್ಚಿಡಬಾರದು. ಮೈಸೂರು ಸರಕಾರವು ಸಾಬೂನಿನ ವಿದ್ಯೆಗಾಗಿ ಎಸ್. ಜಿ. ಶಾಸ್ತ್ರಿಗಳನ್ನು ಲಂಡನ್ನಿಗೆ ಕಳಿಸಿ, ಗಂಧದೆಣ್ಣೆಯ ಸಾಬೂನಿನ ಕಾರಖಾನೆಯನ್ನು 1918ರಲ್ಲಿ ತೊಡಗಿತು, ಅದು ಊರ್ಜಿತವಾಯಿತು. ಆದರೆ ಸಾಬೂನು ಕೊಂಡವನ ಕೈಯಲ್ಲಿ ಕರಗುವ ವಸ್ತು. ಅದನ್ನು ಯಾರೂ ದುರಸ್ತಿಗೆ ಒಯ್ಯುವುದಿಲ್ಲ. ವಿದ್ಯೆಯೆಲ್ಲ ಗೋಡೆಯೊಳಗೆ ಮುಗಿಯುವಂತಹ ಕೈಗಾರಿಕೆಯಲ್ಲಿ ಗೋಡೆಯೊಳಗಿನ ಗ್ರಹಣಶಕ್ತಿಯೇ ಸಾಕು.

ಬೀಜವೂ ಒಂದು ಯಂತ್ರವೆಂದು ಎಣಿಸಿದರೆ ಧಾರವಾಡದ ಕಥೆಗೆ ಉತ್ತರಾರ್ಧವೊಂದುಂಟು. ಜವಾರಿ ಹತ್ತಿಯ ಜೀವಕೋಶದಲ್ಲಿ 26 ವರ್ಣತಂತುಗಳು, ವಿಲಾಯತಿಯದರಲ್ಲಿ 52. ಇವೆರಡನ್ನೂ ಬಲಾತ್ಕಾರವಾಗಿ ಕೂಡಿಸಿದರೆ ಹುಟ್ಟುವ ಗಿಡವು ಸಾಮಾನ್ಯವಾಗಿ ಬಂಜೆ. ಅರಿಸಮಾಸದ ಸೂತ್ರವನ್ನು ಪ್ರಕೃತಿಯೂ ಬರೆದಿಟ್ಟಿದೆಯೆನ್ನಬೇಕು. ಆದುದರಿಂದ ಧಾರವಾಡದ ಹತ್ತಿ ಸಂಶೋಧಕರು, ಅವರಲ್ಲಿಯೂ ಮುಖ್ಯವಾಗಿ ಜಿ. ಎಲ್. ಕೊಟ್ಟೂರವರು, ಎರಡು ವಂಶಗಳನ್ನೂ ಬೇರೆಬೇರೆಯಾಗಿಯೇ ತಿದ್ದಿದರು: ಕುಮಟಾದಿಂದ ಧಾರವಾಡ 1, ಎಂಬತ್ತು ವರ್ಷ ಇಲ್ಲಿಯ ಮಣ್ಣಿನಲ್ಲಿ ಬೆಳೆದು ಬಂದ ವಿಲಾಯತಿಯಿಂದ ಗದಗ 1. ಈ ಗದಗ 1ರೊಡನೆ ಕಾಂಬೋಡಿಯ ಹತ್ತಿಯ ವಂಶವನ್ನು ಕೂಡಿಸಿ ಲಕ್ಷ್ಮಿಯೆಂಬ ತಳಿಯಾಯಿತು. ಲಕ್ಷ್ಮಿಯನ್ನು ತಾಯಿಯಾಗಿಟ್ಟು, ಅಷ್ಟೇ ವರ್ಣತಂತುಗಳುಳ್ಳ ಬಾರ್ಬಡೆನ್ಸ್ ಕುಲದ ಉದ್ದೆಳೆಯ ಹತ್ತಿಯನ್ನು ಕೂಡಿಸಿ, ಬಿ. ಎಚ್. ಕಟರಕಿಯವರು ಧಾರವಾಡದಲ್ಲಿ ವರಲಕ್ಷ್ಮಿಯನ್ನು ಸೃಷ್ಟಿಸಿದರು. ಅದು 1972ರಲ್ಲಿ ಒಕ್ಕಲಿಗರ ಕೈಸೇರಿತು. ಕುಸುಗಲ್ಲಿನ ಹೊಲದಿಂದ ವರಲಕ್ಷ್ಮಿಯವರೆಗೆ ಸುಮಾರು 130 ವರ್ಷಗಳು. ನ್ಯೂ ಆರ್ಲಿಯನ್ಸ್ ಎಂಬ ಹೆಸರು ಎಲ್ಲಿಯೋ ಕಳಚಿಬಿದ್ದು, ಮಗಳಿಗೆ ಶುಕ್ರವಾರದ ವ್ರತದ ದೇವತೆಯ ಹೆಸರು ಬಂದಿತ್ತು. ಇಂತಹ ಸಂಕರಬೀಜವನ್ನು ತೆಗೆಯಲು ಒಂದೊಂದು ಹೂವಿನ ಕೇಸರವನ್ನೂ ಕೈಯಿಂದ ಬಿಡಿಸಿ, ಮರುದಿನ ಬೇರೆಯದರ ಪರಾಗವನ್ನು ಸವರಬೇಕು. ಹೊಲದಲ್ಲಿ ಇದಕ್ಕೆ ಕ್ರಾಸಿಂಗ್ ಎನ್ನುವರು. ಇದೂ ಬಹುಮಟ್ಟಿಗೆ ಹೆಂಗಸರ ಕೈಯ ಕೆಲಸ. ಹಿಂದೆ ಸಲಾಕೆಯನ್ನು ಉರುಳಿಸಿದ ಹೆಂಗಸರ ಹೆಸರು ಯಾವ ಗ್ಯಾಝೆಟಿಯರಿನಲ್ಲಿಯೂ ಇಲ್ಲ. ಇವರ ಹೆಸರು ಬೀಜದ ಪೊಟ್ಟಣದ ಮೇಲೆ ಇಲ್ಲ.

2002ರಲ್ಲಿ ನಮ್ಮ ದೇಶದಲ್ಲಿ ಬಿ. ಟಿ. ಹತ್ತಿಗೆ ಅನುಮತಿಯಾದ ಮೇಲೆ ಬೀಜದ ಕಂಪನಿಗಳು ಪರದೇಶದ ಜೀನನ್ನು ಪರವಾನಗಿಯಿಂದ ಪಡೆದು, ಕೋಕರ್ 312 ಎಂಬ ಅಮೆರಿಕದ ತಳಿಯ ಮೂಲಕ ಅದನ್ನು ತಮ್ಮ ತಮ್ಮ ತಳಿಗಳಿಗೆ ತಿರುತಿರುಗಿ ಕೂಡಿಸಿಕೊಂಡುವು. ಕಂಪನಿಯ ದೃಷ್ಟಿಯಿಂದ ಇದು ಗ್ರಹಣಶಕ್ತಿಯ ಒಳ್ಳೆಯ ನಿದರ್ಶನ. ಆದರೆ ಒಕ್ಕಲಿಗನು ಅದರ ಕಾಳನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಅದೇ ಫಲವನ್ನು ಪಡೆಯಲಾರ. ಪ್ರತಿ ವರ್ಷವೂ ಪೊಟ್ಟಣವನ್ನೇ ಕೊಳ್ಳಬೇಕು. ವರಲಕ್ಷ್ಮಿಯಲ್ಲಿಯೂ ಇದೇ ಗುಣವಿತ್ತೆಂಬುದನ್ನು ನ್ಯಾಯಕ್ಕಾಗಿ ಹೇಳುತ್ತೇವೆ. ವ್ಯತ್ಯಾಸವೇನೆಂದರೆ, ವರಲಕ್ಷ್ಮಿಯ ತಾಯಿತಂದೆಗಳು ಸಾರ್ವಜನಿಕ ಸಂಸ್ಥೆಯಲ್ಲಿದ್ದುವು.

ಧಾರವಾಡದ ಬಳಿ ಈಗ ಇನ್ನೂ ದೊಡ್ಡ ಯಂತ್ರಗಳ ಕಾರಖಾನೆಗಳಿವೆ. 2006ರಲ್ಲಿ ಟಾಟಾ ಮೋಟರ್ಸ್ ಕಂಪನಿಯವರು ಬ್ರೆಜಿಲ್ ದೇಶದ ಮಾರ್ಕೊಪೋಲೊ ಕಂಪನಿಯೊಡನೆ ಕೂಡಿ ಬಸ್ಸಿನ ಒಡಲು ಕಟ್ಟುವ ಸಂಸ್ಥೆಯನ್ನು ಮಾಡಿಕೊಂಡು, ಅದರ ಕಾರಖಾನೆಯನ್ನು ಇಲ್ಲಿ ಸ್ಥಾಪಿಸಿದರು. ಬ್ರೆಜಿಲಿನವರು ತಮ್ಮ ಶೇಕಡಾ 49 ಪಾಲನ್ನು ಟಾಟಾದವರಿಗೆ ಬಿಟ್ಟುಕೊಡುವರೆಂದು 2020ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಗುರುವು ಹೋದ ಮೇಲೂ ವಿದ್ಯೆಯು ಉಳಿಯಿತೆಂದು ಪಾಲುಪತ್ರವನ್ನು ನೋಡಿ ಹೇಳಬಹುದು. ಆ ಬಸ್ಸಿನ ಬಾಗಿಲು ದಾರಿಯಲ್ಲಿ ಕೆಟ್ಟಾಗ ಹುಬ್ಬಳ್ಳಿಯ ಗ್ಯಾರೇಜಿನ ಹುಡುಗನು ಅದಕ್ಕೆ ಏನು ಮಾಡುವನು, ಅದರ ಭಾಗಗಳನ್ನು ಯಾವ ಹೆಸರಿನಿಂದ ಕರೆಯುವನು ಎಂಬುದನ್ನು ವಿಚಾರಿಸಿ ಬರೆದಿಡುವ ವಿದ್ಯಾರ್ಥಿಯೊಬ್ಬನು ನಮ್ಮ ಕಾಲೇಜುಗಳಲ್ಲಿ ಹುಟ್ಟಬೇಕಾಗಿದೆ.

ಇಂತಹ ವಿಚಾರಣೆಯಿಂದ ಏನು ತಿಳಿಯಬಹುದೆಂಬುದಕ್ಕೆ ನಾವು ಮಿಶ್ರಿಕೋಟಿಯ ಕೊಟ್ಟಿಗೆಯಲ್ಲಿ ಕಂಡದ್ದನ್ನು ಹೇಳಬೇಕು. ಅಲ್ಲಿ ಗೋಡೆಗೆ ಒರಗಿಸಿದ್ದ ಒಂದು ಹಳೆಯ ಕಬ್ಬಿಣದ ರಂಟೆಯಿತ್ತು. ಎರಕದ ಅಕ್ಷರಗಳು ತುಕ್ಕಿನಲ್ಲಿ ಅಳಿದುಹೋಗಿ ತಯಾರಿಸಿದವರ ಹೆಸರು ಓದಲು ಬಾರದಾಗಿತ್ತು. ಈಸು ಜಾಲಿಯ ಮರದ್ದು, ಊರ ಬಡಿಗನು ಹಾಕಿದ್ದು. ಗುಳವನ್ನು ಕಮ್ಮಾರನು ಎರಡು ಸಲವಾದರೂ ತಟ್ಟಿದ್ದನು. ಯಾರ ಕಾರಖಾನೆಯ ರಂಟೆಯೆಂದು ತಿಳಿಯುವ ಆಸೆಯಿಂದ “ಇದು ಯಾರ ರಂಟಿ?” ಎಂದು ಮನೆಯ ಹಿರಿಯರನ್ನು ಕೇಳಿದೆವು. “ನಮ್ಮದರೀ,” ಎಂದರು. ಪ್ರಶ್ನೆಯನ್ನು ತಿರುಗಿಸಿ ಕೇಳುವ ಧೈರ್ಯವು ನಮಗೆ ಬರಲಿಲ್ಲ. ಭಾಗಗಳ ಹೆಸರುಗಳನ್ನು ಹೇಳೆಂದಾಗ ಅವರು ಮರದ ರಂಟೆಯ ಹೆಸರುಗಳನ್ನೇ ಒಂದೊಂದಾಗಿ ಹೇಳಿದರು: ಈಸು, ಮೇಳಿ, ಗುಳ. ನಟ್ಟು ಬೋಲ್ಟುಗಳು ಮಾತ್ರ ಇಂಗ್ಲಿಷಿನ ತದ್ಭವಗಳು. ಮಣ್ಣನ್ನು ಮಗುಚುವ ಬಾಗಿದ ತಗಡೊಂದು ಈ ರಂಟೆಗೆ ಇರುತ್ತದಷ್ಟೆ; ಮರದ ರಂಟೆಗೆ ಅದು ಇಲ್ಲವೇ ಇಲ್ಲ, ಆದಕಾರಣ ಹಳೆಯ ಹೆಸರೂ ಇಲ್ಲ. ಅದಕ್ಕೆ ಅವರು ಇಂಗ್ಲಿಷಿನ ಪದವನ್ನು ಸವೆಸಿ ಹೇಳುವರೆಂದು ನಾವು ಪೆನ್ಸಿಲು ಹಿಡಿದು ಕಾದೆವು. ಅವರು ಅದರ ಮೇಲೆ ಕೈಯಿಟ್ಟು “ರೆಕ್ಕೆ” ಎಂದರು.